ಮೊದಲು ಹೆಣ್ಣುಮಕ್ಕಳ ಮೇಲಿನ ಕೇಸು ನಿಲ್ಲಿಸಿ: ಗೃಹ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಗೃಹ ಸಚಿವರಿಗೆ,

ಮಾನ್ಯರೇ,

ವೇಶ್ಯಾವೃತ್ತಿಯನ್ನು ಅಪರಾಧದ ಚೌಕಟ್ಟಿನಿಂದ ಹೊರಗಿಡಬೇಕೇ ಬೇಡವೇ ಎಂಬ ವಾಗ್ವಾದ ಮತ್ತೆ ಮತ್ತೆ ಏಳುತ್ತದೆ. ಪ್ರತಿ ಸಲವೂ ‘ಅದು ಸಂಸತ್ತು ತೀರ್ಮಾನಿಸಬೇಕಾದ ವಿಷಯ’ ಎಂಬಲ್ಲಿಗೆ ಬಂದು ತಣ್ಣಗಾಗುತ್ತದೆ. 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆ, ಅಂದರೆ ಠಾಣೆಗಳಲ್ಲಿ ಐಟಿಪಿ ಎಂದು ಕರೆಯುವ ಕಾಯ್ದೆ, ಕೇಂದ್ರದ್ದು ಎಂಬುದು ನಿಜ. ಆದರೆ ಅದನ್ನು ಹಿಡಿದು ರಾತ್ರಿ ಲಾಡ್ಜಿನ ಬಾಗಿಲು ಬಡಿಯುವ ಇನ್‌ಸ್ಪೆಕ್ಟರ್ ತಮ್ಮ ಇಲಾಖೆಯವರು. ಎಫ್‌ಐಆರ್‌ನಲ್ಲಿ ಯಾವ ಕಲಂ ಹಾಕಬೇಕು, ಯಾರನ್ನು ಆರೋಪಿ ಮಾಡಬೇಕು, ಯಾರನ್ನು ಸಂತ್ರಸ್ತೆ ಎಂದು ಬರೆಯಬೇಕು ಎಂಬುದೆಲ್ಲ ದಿನನಿತ್ಯ ತೀರ್ಮಾನವಾಗುವುದು ರಾಜ್ಯದ ಠಾಣೆಗಳಲ್ಲಿ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಪೊಲೀಸ್ ವಿಷಯವಿರುವುದು ರಾಜ್ಯ ಪಟ್ಟಿಯಲ್ಲಿ. ಅದಕ್ಕೇ ಈ ಪತ್ರವನ್ನು ದೆಹಲಿಗಲ್ಲ, ತಮಗೆ ಬರೆಯುತ್ತಿದ್ದೇವೆ.

ಈ ವಾಗ್ವಾದದಲ್ಲಿ ಹೆಣ್ಣುಮಕ್ಕಳ ಹಕ್ಕಿನ ಪರವಾಗಿ ಮಾತಾಡುವವರೇ ಎರಡು ಬಣವಾಗಿದ್ದಾರೆ. ಇದೂ ಒಂದು ದುಡಿಮೆ, ದುಡಿಯುವವರಿಗೆ ಕಾನೂನಿನ ರಕ್ಷಣೆ ಬೇಕು ಎನ್ನುವವರು ಒಂದು ಕಡೆ. ಇದು ಜಾತಿ, ಬಡತನ ಮತ್ತು ಗಂಡಾಳ್ವಿಕೆ ಸೇರಿ ನಡೆಸುವ ಶೋಷಣೆ, ಕೊಳ್ಳುವ ಗಂಡಸನ್ನು ಶಿಕ್ಷಿಸಬೇಕು ಎನ್ನುವವರು ಇನ್ನೊಂದು ಕಡೆ. ನಾವು ಮೊದಲನೆಯವರ ಜೊತೆಗಿದ್ದೇವೆ, ಕಾರಣಗಳನ್ನು ಮುಂದೆ ಹೇಳುತ್ತೇವೆ. ಆದರೆ ಇಬ್ಬರೂ ಒಪ್ಪುವ ಒಂದು ಮಾತಿದೆ: ಈ ವೃತ್ತಿಯಲ್ಲಿರುವ ಹೆಣ್ಣನ್ನು ಶಿಕ್ಷಿಸಬಾರದು. ನಮ್ಮ ಕಾಯ್ದೆ ಅವಳನ್ನೇ ಶಿಕ್ಷಿಸುತ್ತಿದೆ. ಉಳಿದ ಜಗಳ ಎಷ್ಟು ವರ್ಷ ಬೇಕಾದರೂ ನಡೆಯಲಿ, ಇದೊಂದನ್ನು ನಿಲ್ಲಿಸಲು ಯಾರ ಒಪ್ಪಿಗೆಗೂ ಕಾಯಬೇಕಿಲ್ಲ.

ಕಾಯ್ದೆಯಲ್ಲಿ ಏನಿದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಏಕೆಂದರೆ ದಾಳಿಗೆ ಹೋಗುವ ಸಿಬ್ಬಂದಿಯಲ್ಲೂ ‘ವೇಶ್ಯಾವೃತ್ತಿಯೇ ಕಾನೂನುಬಾಹಿರ’ ಎಂಬ ನಂಬಿಕೆ ಗಟ್ಟಿಯಾಗಿದೆ. ವಯಸ್ಕ ಹೆಣ್ಣು ತನ್ನ ಒಪ್ಪಿಗೆಯಿಂದ, ಖಾಸಗಿ ಜಾಗದಲ್ಲಿ, ಹಣ ಪಡೆದು ಲೈಂಗಿಕ ಸಂಪರ್ಕ ಹೊಂದುವುದನ್ನು ಐಟಿಪಿ ಕಾಯ್ದೆಯ ಯಾವ ಕಲಮೂ ಅಪರಾಧ ಎನ್ನುವುದಿಲ್ಲ. ಬಾಂಬೆ ಹೈಕೋರ್ಟ್ 2020ರ ಸೆಪ್ಟೆಂಬರ್‌ನಲ್ಲಿ ಮೂವರು ಯುವತಿಯರನ್ನು ಬಿಡುಗಡೆ ಮಾಡುವಾಗ ಇದನ್ನೇ ಸ್ಪಷ್ಟವಾಗಿ ಹೇಳಿತು. ಅಪರಾಧವಾಗುವುದು ಸುತ್ತಲಿನದು: ವೇಶ್ಯಾಗೃಹ ನಡೆಸುವುದು 3ನೇ ಕಲಂ, ಆ ದುಡಿಮೆಯ ಮೇಲೆ ಬದುಕುವುದು 4, ಈ ವೃತ್ತಿಗೆ ಹೆಣ್ಣನ್ನು ತರುವುದು 5, ಕೂಡಿಹಾಕುವುದು 6, ಸಾರ್ವಜನಿಕ ಸ್ಥಳದ ಬಳಿ ನಡೆಸುವುದು 7, ಗಿರಾಕಿಯನ್ನು ಕರೆಯುವುದು 8. ಹೆಣ್ಣನ್ನು ಮಾರುವವರನ್ನು, ಕೂಡಿಹಾಕುವವರನ್ನು ಹಿಡಿಯಲು ಇರುವ 5 ಮತ್ತು 6ನೇ ಕಲಮುಗಳ ಬಗ್ಗೆ ನಮ್ಮ ತಕರಾರಿಲ್ಲ. ತಕರಾರಿರುವುದು ಉಳಿದವುಗಳ ಬಗ್ಗೆ.

8ನೇ ಕಲಮನ್ನು ಒಮ್ಮೆ ಓದಿ ನೋಡಿ. ಮಾತು, ಸನ್ನೆ, ಕಿಟಕಿಯ ಬಳಿ ಅಥವಾ ಬಾಲ್ಕನಿಯಲ್ಲಿ ಕೂತು ಕಾಣಿಸಿಕೊಳ್ಳುವುದು, ಸಾರ್ವಜನಿಕ ಸ್ಥಳದಲ್ಲಿ ಸುಮ್ಮನೆ ಸುಳಿದಾಡುವುದು, ಇವೆಲ್ಲ ಅದರೊಳಗೆ ಬರುತ್ತವೆ. ಮೊದಲ ಸಲ ಸಿಕ್ಕರೆ ಆರು ತಿಂಗಳವರೆಗೆ ಜೈಲು ಇಲ್ಲವೇ 500 ರೂಪಾಯಿವರೆಗೆ ದಂಡ ಅಥವಾ ಎರಡೂ, ಎರಡನೇ ಸಲ ಒಂದು ವರ್ಷದವರೆಗೆ ಜೈಲು ಮತ್ತು ದಂಡ. ಇದೇ ಅಪರಾಧವನ್ನು ಗಂಡಸು ಮಾಡಿದರೆ ಕನಿಷ್ಠ ಏಳು ದಿನ, ಹೆಚ್ಚೆಂದರೆ ಮೂರು ತಿಂಗಳು. ಒಂದೇ ಕಲಮಿನಲ್ಲಿ ಹೆಣ್ಣಿಗೊಂದು ಗರಿಷ್ಠ ಶಿಕ್ಷೆ, ಗಂಡಿಗೆ ಅದರ ಅರ್ಧ. 2006ರಲ್ಲಿ ಲೋಕಸಭೆಯಲ್ಲಿ ಮಂಡನೆಯಾದ ತಿದ್ದುಪಡಿ ಮಸೂದೆ ಈ ಕಲಮನ್ನೂ, ಹೆಣ್ಣನ್ನು ಊರಿನಿಂದ ಹೊರಹಾಕಲು ಮ್ಯಾಜಿಸ್ಟ್ರೇಟರಿಗೆ ಅಧಿಕಾರ ಕೊಡುವ 20ನೇ ಕಲಮನ್ನೂ ಕಿತ್ತುಹಾಕಲು ಹೊರಟಿತ್ತು. ಅದೇ ಮಸೂದೆಯಲ್ಲಿ ಗಿರಾಕಿಯನ್ನು ಶಿಕ್ಷಿಸುವ ಹೊಸ ಕಲಮೂ ಇತ್ತು, ಜಗಳ ಅದರ ಸುತ್ತ ನಡೆಯಿತು, ಲೋಕಸಭೆ ವಿಸರ್ಜನೆಯಾಗಿ ಮಸೂದೆ ಬಿದ್ದುಹೋಯಿತು. ಎಲ್ಲರೂ ಒಪ್ಪಿದ್ದ ಭಾಗವೂ ಒಪ್ಪದ ಭಾಗದ ಜೊತೆಗೇ ಹೋಯಿತು. ಅದಾದ ಮೇಲೆ 8ನೇ ಕಲಂ ಒಂದು ಅಕ್ಷರವೂ ಬದಲಾಗಿಲ್ಲ.

ಆದರೆ 8ನೇ ಕಲಮಿಗಿಂತ ದೊಡ್ಡ ಅನ್ಯಾಯ ನಡೆಯುವುದು ‘ರಕ್ಷಣೆ’ಯ ಹೆಸರಲ್ಲಿ. ಗಿರಾಕಿಯನ್ನು ಕರೆದ ಆರೋಪದಲ್ಲಿ ತಪ್ಪೊಪ್ಪಿಕೊಂಡ ಹೆಣ್ಣು ಸಾಮಾನ್ಯವಾಗಿ ದಂಡ ಕಟ್ಟಿ ಅದೇ ದಿನ ಮನೆಗೆ ಹೋಗುತ್ತಾಳೆ. ದಾಳಿಯಲ್ಲಿ ‘ರಕ್ಷಿಸಲ್ಪಟ್ಟ’ ಹೆಣ್ಣು ಯಾವ ಅಪರಾಧವನ್ನೂ ಮಾಡಿಲ್ಲ ಎಂದು ಪೊಲೀಸರೇ ಬರೆದಿರುತ್ತಾರೆ. ಅವಳನ್ನು 17ನೇ ಕಲಮಿನಡಿ ಮೊದಲು ವಿಚಾರಣೆಗಾಗಿ ಮೂರು ವಾರಗಳವರೆಗೆ ಇಟ್ಟುಕೊಳ್ಳಬಹುದು. ಆಮೇಲೆ ಅವಳಿಗೆ ಆರೈಕೆ ಬೇಕು ಎಂದು ಮ್ಯಾಜಿಸ್ಟ್ರೇಟರಿಗೆ ಅನ್ನಿಸಿದರೆ ಕನಿಷ್ಠ ಒಂದು ವರ್ಷ, ಗರಿಷ್ಠ ಮೂರು ವರ್ಷ ರಕ್ಷಣಾ ಗೃಹದಲ್ಲಿಡಬಹುದು. ಅಪರಾಧಿಗೆ 500 ರೂಪಾಯಿ, ಸಂತ್ರಸ್ತೆಗೆ ಒಂದು ವರ್ಷ. ಇನ್ನು 10ಎ ಕಲಮಿನಡಿ 7 ಅಥವಾ 8ರಲ್ಲಿ ಶಿಕ್ಷೆಯಾದ ಹೆಣ್ಣನ್ನು ಜೈಲಿನ ಬದಲು ಎರಡರಿಂದ ಐದು ವರ್ಷ ‘ಸುಧಾರಣಾ ಸಂಸ್ಥೆ’ಯಲ್ಲಿಡಲೂ ಅವಕಾಶವಿದೆ. ಗಂಡಸಿಗೆ ಇಂಥ ಸುಧಾರಣೆಯ ಏರ್ಪಾಡು ಕಾಯ್ದೆಯಲ್ಲಿಲ್ಲ.

17ನೇ ಕಲಮಿನ ವಿಚಾರಣೆಯಲ್ಲಿ ಏನೇನು ಪರಿಶೀಲಿಸುತ್ತಾರೆ ಎಂಬುದೂ ಮುಖ್ಯ. ಅವಳ ವಯಸ್ಸು, ಅವಳ ನಡತೆ ಮತ್ತು ಹಿನ್ನೆಲೆ, ತಂದೆ, ತಾಯಿ, ಪೋಷಕರು ಅಥವಾ ಗಂಡ ಅವಳನ್ನು ವಹಿಸಿಕೊಳ್ಳಲು ತಕ್ಕವರೇ ಎಂಬುದು. ಮೂವತ್ತೈದು ವರ್ಷದ, ಇಬ್ಬರು ಮಕ್ಕಳ ತಾಯಿಯನ್ನೂ ಯಾರಾದರೂ ಬಂದು ‘ವಹಿಸಿಕೊಳ್ಳಬೇಕು’. ‘ನಿನಗೇನು ಬೇಕು’ ಎಂದು ಅವಳನ್ನು ಕೇಳಿ ದಾಖಲಿಸಲೇಬೇಕು ಎಂಬ ಸಾಲು ಅದರಲ್ಲಿಲ್ಲ. ಇದರಿಂದ ಆಗುವ ಅನಾಹುತಗಳು ಒಂದರ ಹಿಂದೊಂದು ಬರುತ್ತವೆ. ವಿಳಾಸ ಪರಿಶೀಲನೆಗೆ ಊರಿಗೆ ಹೋದ ಪೊಲೀಸರಿಂದಲೇ ಊರಿಗೆಲ್ಲ ವಿಷಯ ಗೊತ್ತಾಗುತ್ತದೆ, ಅಲ್ಲಿಯವರೆಗೆ ಮಗಳು ಗಾರ್ಮೆಂಟ್ಸ್‌ನಲ್ಲಿದ್ದಾಳೆ ಎಂದುಕೊಂಡಿದ್ದ ತಂದೆತಾಯಿ ಬಾಗಿಲು ಮುಚ್ಚುತ್ತಾರೆ. ಹೊರರಾಜ್ಯದವಳಾದರೆ ವರದಿ ಬರುವುದೇ ತಿಂಗಳುಗಟ್ಟಲೆ. ದೇವದಾಸಿ ಪದ್ಧತಿಯಿಂದ ಬಂದವಳಾದರೆ ಅವಳನ್ನು ಮುತ್ತು ಕಟ್ಟಿಸಿದವರ ವಶಕ್ಕೇ ಒಪ್ಪಿಸುವ ಅಪಾಯವಿದೆ. ಅಷ್ಟರಲ್ಲಿ ಬಾಡಿಗೆ ಬಾಕಿ, ಸ್ವಸಹಾಯ ಸಂಘದ ಕಂತು ಬಾಕಿ, ಕೈಸಾಲದ ಮೀಟರ್ ಬಡ್ಡಿ ಏರುತ್ತಿರುತ್ತದೆ. ಮಕ್ಕಳು ಯಾರ ಮನೆಯಲ್ಲಿದ್ದಾರೆ ಎಂದು ಫೋನ್ ಮಾಡಿ ತಿಳಿಯೋಣ ಎಂದರೆ ಫೋನ್ ಮುದ್ದೆಮಾಲು (ವಶಪಡಿಸಿಕೊಂಡ ವಸ್ತು) ಆಗಿ ಠಾಣೆಯ ಕಪಾಟಿನಲ್ಲಿರುತ್ತದೆ. ಎಆರ್‌ಟಿ (ಎಚ್‌ಐವಿ ಚಿಕಿತ್ಸೆಯ) ಮಾತ್ರೆ ತೆಗೆದುಕೊಳ್ಳುವವಳು ಎಲ್ಲರೆದುರು ಕೇಳಲಾರದೆ ಡೋಸ್ ತಪ್ಪಿಸುತ್ತಾಳೆ. ವರ್ಷ ಕಳೆದು ಹೊರಬಂದವಳು ಹೊಸ ಬದುಕಿಗಲ್ಲ, ಹಳೆಯದಕ್ಕಿಂತ ದೊಡ್ಡ ಸಾಲಕ್ಕೆ ಬರುತ್ತಾಳೆ, ಆ ಸಾಲ ಅವಳನ್ನು ಯಾವುದೇ ಗಿರಾಕಿಗೆ, ಯಾವುದೇ ಷರತ್ತಿಗೆ ಒಪ್ಪಿಸುತ್ತದೆ. ಸೆಷನ್ಸ್ ಕೋರ್ಟಿಗೆ ಮೇಲ್ಮನವಿ ಹಾಕುವ ಹಾದಿ ಇದೆ. ಒಳಗಿರುವವಳಿಗೆ ಅದನ್ನು ಹೇಳುವವರು ಬೇಕಲ್ಲ.

ಕಾಯ್ದೆ ಬರೆದವರ ಮನಸ್ಸಿನಲ್ಲಿದ್ದದ್ದು ಘರ್‌ವಾಲಿ, ಅಂದರೆ ವೇಶ್ಯಾಗೃಹದ ಒಡತಿ, ದಲ್ಲಾಳಿ, ಬೀಗ ಹಾಕಿದ ಕೋಣೆಗಳಿರುವ ದೊಡ್ಡ ವೇಶ್ಯಾಗೃಹ. ಕರ್ನಾಟಕದಲ್ಲಿ ಮುಂಬೈ, ಕೋಲ್ಕತ್ತದಲ್ಲಿರುವಂಥ ಕೆಂಪುದೀಪ ಪ್ರದೇಶಗಳಿಲ್ಲ. ಇಲ್ಲಿ ಬಹುಪಾಲು ಹೆಂಗಸರು ಬಸ್ ನಿಲ್ದಾಣ, ರಸ್ತೆ, ಲಾಡ್ಜು, ಬಾಡಿಗೆ ಮನೆ, ಈಗೀಗ ಹೆಚ್ಚಾಗಿ ಫೋನಿನ ಮೂಲಕ ದುಡಿಯುತ್ತಾರೆ. ಆ ಕಾಯ್ದೆ ಈ ಬದುಕಿನ ಮೇಲೆ ಹೇಗೆ ಬೀಳುತ್ತದೆ ನೋಡಿ. 2ನೇ ಕಲಮಿನ ವ್ಯಾಖ್ಯೆಯ ಪ್ರಕಾರ, ಇಬ್ಬರು ಹೆಂಗಸರು ತಮ್ಮಿಬ್ಬರ ಅನುಕೂಲಕ್ಕಾಗಿ ಒಂದು ಕೋಣೆ ಹಂಚಿಕೊಂಡರೂ ಅದು ವೇಶ್ಯಾಗೃಹ. ಒಬ್ಬಳೇ ಇದ್ದರೆ ಅಪರಾಧವಿಲ್ಲ, ಆದರೆ ಗಿರಾಕಿ ಕುತ್ತಿಗೆಗೆ ಕೈಹಾಕಿದರೆ ಕೂಗಿಗೆ ಓಡಿಬರುವವರಿಲ್ಲ. ಜೊತೆಗೊಬ್ಬಳನ್ನು ಇಟ್ಟುಕೊಂಡರೆ ಸುರಕ್ಷಿತ, ಆದರೆ ಇಬ್ಬರೂ 3ನೇ ಕಲಮಿನ ಆರೋಪಿಗಳು, ಒಂದರಿಂದ ಮೂರು ವರ್ಷದ ಕಠಿಣ ಸಜೆ. ಕಾನೂನು ಅವಳನ್ನು ಒಂಟಿಯಾಗಿರು ಎಂದು ತಳ್ಳುತ್ತಿದೆ, ಒಂಟಿಯಾದಲ್ಲೇ ಅವಳ ಮೇಲೆ ಹಲ್ಲೆ ಹೆಚ್ಚು.

4ನೇ ಕಲಂ ಅವಳ ದುಡಿಮೆಯ ಮೇಲೆ ಬದುಕುವ, 18 ದಾಟಿದ ಯಾರನ್ನಾದರೂ ಹಿಡಿಯಬಹುದು. ಅವಳ ಜೊತೆ ವಾಸಿಸುತ್ತಾನೆ ಎಂಬುದು ಸಾಬೀತಾದರೆ ಸಾಕು, ಅವಳ ಗಳಿಕೆಯ ಮೇಲೇ ಬದುಕುತ್ತಿದ್ದಾನೆ ಎಂದು ಕಾನೂನು ಊಹಿಸಿಕೊಳ್ಳುತ್ತದೆ, ಅಲ್ಲ ಎಂದು ತೋರಿಸುವ ಹೊಣೆ ಅವನದು. ಪದವಿ ಓದುತ್ತಿರುವ ಮಗ, ಹಾಸಿಗೆ ಹಿಡಿದ ತಾಯಿ, ಎಲ್ಲರೂ ಇದರ ವ್ಯಾಪ್ತಿಯೊಳಗೆ. ಕೇಸು ಹಾಕದಿದ್ದರೂ ‘ನಿನ್ನ ಮಗನ ಮೇಲೆ ಹಾಕುತ್ತೇನೆ’ ಎಂಬ ಬೆದರಿಕೆಯೇ ಸಾಕಾಗುತ್ತದೆ.

7ನೇ ಕಲಂ ದೇವಸ್ಥಾನ, ಮಸೀದಿ, ಚರ್ಚು, ಶಾಲೆ, ಹಾಸ್ಟೆಲ್, ಆಸ್ಪತ್ರೆ, ನರ್ಸಿಂಗ್ ಹೋಮ್‌ಗಳಿಂದ 200 ಮೀಟರ್ ಒಳಗಿನ ಜಾಗವನ್ನು ನಿಷೇಧಿಸುತ್ತದೆ. 200 ಮೀಟರ್ ತ್ರಿಜ್ಯದ ವೃತ್ತವೆಂದರೆ ಸುಮಾರು 31 ಎಕರೆ. ಒಂದು ಚದರ ಕಿಲೋಮೀಟರ್‌ನಲ್ಲಿ ಇಂಥ ಎಂಟು ಜಾಗಗಳು ಚದುರಿಕೊಂಡಿದ್ದರೆ ಅದರ ಬಹುಭಾಗ ನಿಷೇಧದೊಳಗೆ ಬರುತ್ತದೆ, ನಮ್ಮ ಯಾವ ಪಟ್ಟಣದಲ್ಲಾದರೂ ಅದಕ್ಕಿಂತ ಹೆಚ್ಚೇ ಇವೆ. ಅಂದರೆ ‘ಖಾಸಗಿಯಾಗಿ ಮಾಡಿದರೆ ಅಪರಾಧವಲ್ಲ’ ಎಂಬ ರಿಯಾಯಿತಿ ನಗರಗಳಲ್ಲಿ ಕಾಗದದ ಮೇಲಷ್ಟೇ ಇದೆ. ಇದರ ಜೊತೆ 18ನೇ ಕಲಮಿನಡಿ ಆ ಜಾಗವನ್ನು ಮುಚ್ಚಿಸಿ, ಇದ್ದವರನ್ನು ಏಳು ದಿನದಲ್ಲಿ ಹೊರಹಾಕಿಸುವ ಆದೇಶವಾಗಬಹುದು. ಮನೆ ಮಾಲೀಕ ಆದೇಶಕ್ಕೆ ಕಾಯುವುದಿಲ್ಲ, ಪೊಲೀಸ್ ಜೀಪು ಬಾಗಿಲಿಗೆ ಬಂದ ದಿನವೇ ಸಾಮಾನು ಹೊರಗಿಡುತ್ತಾನೆ, ಅಡ್ವಾನ್ಸ್ ವಾಪಸ್ ಕೇಳುವ ಧೈರ್ಯ ಅವಳಿಗಿರುವುದಿಲ್ಲ. 2004ರಲ್ಲಿ ಗೋವಾದ ಬೈನಾ ಕಡಲತೀರದಲ್ಲಿ ಈ ಹೆಂಗಸರ ಮನೆಗಳನ್ನು ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ಕರ್ನಾಟಕದವರೂ ಇದ್ದರು. ಅಂಥ ತೆರವಿನಿಂದ ವೃತ್ತಿ ನಿಲ್ಲುವುದಿಲ್ಲ. ಹೆಂಗಸರು ಚದುರಿಹೋಗುತ್ತಾರೆ, ಕಾಂಡೋಮು ಮತ್ತು ಮಾತ್ರೆ ತಲುಪಿಸುತ್ತಿದ್ದ ಆರೋಗ್ಯ ಕಾರ್ಯಕರ್ತೆಯರ ಕೈಗೆ ಮತ್ತೆ ಸಿಗುವುದಿಲ್ಲ.

ದಾಳಿಯ ವಿಚಾರಕ್ಕೆ ಬರುತ್ತೇವೆ. ಎಫ್‌ಐಆರ್‌ನಲ್ಲಿ 3, 4, 5, 7 ಎಂದು ಸಾಲಾಗಿ ಕಲಮುಗಳನ್ನು ಹಾಕುವುದು ರೂಢಿಯಾಗಿಬಿಟ್ಟಿದೆ. 8ನೇ ಕಲಮಿಗೆ ಠಾಣೆಯಲ್ಲೇ ಜಾಮೀನು ಸಿಗುತ್ತದೆ, 5ನೇ ಕಲಂ ಸೇರಿದರೆ ಸಿಗುವುದಿಲ್ಲ. ವಾರಗಟ್ಟಲೆ ಜೈಲಿನಲ್ಲಿದ್ದು ಕೊನೆಗೆ ಆಪಾದನೆ ಬಿದ್ದುಹೋದರೂ ಆ ವಾರಗಳು ಯಾರೂ ಕೊಡದ ಶಿಕ್ಷೆಯಾಗಿ ಉಳಿಯುತ್ತವೆ. ಇತ್ತ 3, 4, 5ನೇ ಕಲಮುಗಳಡಿ ಗಿರಾಕಿಯನ್ನು ಆರೋಪಿ ಮಾಡಿದ ಕೇಸುಗಳನ್ನು ಕರ್ನಾಟಕ ಹೈಕೋರ್ಟ್ ಹಲವು ಸಲ ರದ್ದು ಮಾಡಿದೆ, ಕಾನೂನಿನ ದೃಷ್ಟಿಯಲ್ಲಿ ಅದು ಸರಿಯೇ. ಒಟ್ಟು ಪರಿಣಾಮವೇನೆಂದರೆ ಅದೇ ಕೋಣೆಯಲ್ಲಿದ್ದ ಗಂಡಸು ವಕೀಲರನ್ನಿಟ್ಟು ಹೊರಬರುತ್ತಾನೆ, ಹೆಣ್ಣು ರಕ್ಷಣಾ ಗೃಹದಲ್ಲೇ ಇರುತ್ತಾಳೆ.

ಐಟಿಪಿ ಕಾಯ್ದೆಯ 15ನೇ ಕಲಂ ವಾರಂಟ್ ಇಲ್ಲದ ಶೋಧಕ್ಕೆ ಅವಕಾಶ ಕೊಟ್ಟರೂ ಕೆಲವು ಷರತ್ತು ಹಾಕಿದೆ: ಇಬ್ಬರು ಪಂಚರು (ಸ್ಥಳೀಯ ಸಾಕ್ಷಿಗಳು), ಅವರಲ್ಲಿ ಒಬ್ಬರು ಮಹಿಳೆ, ಜೊತೆಯಲ್ಲಿ ಕನಿಷ್ಠ ಇಬ್ಬರು ಮಹಿಳಾ ಪೊಲೀಸರು, ಹೆಣ್ಣಿನ ವಿಚಾರಣೆ ಮಹಿಳಾ ಪೊಲೀಸರಿಂದಲೇ. ಅದರ ಮೇಲೆ ಈಗ, ಹಳೆಯ ಸಿಆರ್‌ಪಿಸಿ ಬದಲಿಗೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರ 43(5)ನೇ ಕಲಮಿನ ಪ್ರಕಾರ ಅಸಾಧಾರಣ ಸಂದರ್ಭ ಬಿಟ್ಟರೆ ಸೂರ್ಯಾಸ್ತದ ನಂತರ ಹೆಣ್ಣನ್ನು ಬಂಧಿಸುವಂತಿಲ್ಲ, ಬಂಧಿಸಲೇಬೇಕಾದರೆ ಮಹಿಳಾ ಅಧಿಕಾರಿಯೇ ಮ್ಯಾಜಿಸ್ಟ್ರೇಟರ ಮುಂಚಿನ ಅನುಮತಿ ಪಡೆಯಬೇಕು. 105ನೇ ಕಲಂ ಶೋಧವನ್ನು ವಿಡಿಯೊ ಮಾಡಲೇಬೇಕು ಎನ್ನುತ್ತದೆ. ಪೊಲೀಸರ ಅತಿರೇಕಕ್ಕೆ ಕಡಿವಾಣ ಹಾಕಲು ಬಂದ ಈ ಒಳ್ಳೆಯ ಕಲಂ, ಐಟಿಪಿ ದಾಳಿಯಲ್ಲಿ ಹೊಸ ಅಪಾಯ ತಂದಿದೆ. ಅರೆಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು ಕೂತ ಹೆಂಗಸರ ದೃಶ್ಯ ಸಿಬ್ಬಂದಿಯ ಸ್ವಂತ ಮೊಬೈಲಿನಲ್ಲಿ ಸೆರೆಯಾದರೆ ಅಲ್ಲಿಂದ ವಾಟ್ಸ್ಆ್ಯಪ್‌ಗೆ ಹೋಗಲು ಒಂದು ನಿಮಿಷ ಸಾಕು. ಬಟ್ಟೆ ಹಾಕಿಕೊಳ್ಳಲು ಸಮಯ ಕೊಟ್ಟ ನಂತರವೇ ಚಿತ್ರೀಕರಣ, ಇಲಾಖೆಯ ಸಾಧನದಲ್ಲಷ್ಟೇ ಚಿತ್ರೀಕರಣ, ನೇರವಾಗಿ ಮ್ಯಾಜಿಸ್ಟ್ರೇಟರಿಗೆ ಸಲ್ಲಿಕೆ, ನಕಲು ಮಾಡಿ ಹರಡಿದವರ ಮೇಲೆ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಡಿ (ಹೆಣ್ಣಿನ ಖಾಸಗಿ ದೃಶ್ಯ ಸೆರೆಹಿಡಿಯುವ, ಹರಡುವ ಅಪರಾಧ) ಕೇಸು: ಇಷ್ಟನ್ನು ಲಿಖಿತವಾಗಿ ಹೇಳಲು ಸಂಸತ್ತು ಬೇಕಿಲ್ಲ.

ಸುಪ್ರೀಂ ಕೋರ್ಟ್ ಈ ಹಾದಿಯನ್ನು ಆಗಲೇ ತೋರಿಸಿದೆ. ಕೋಲ್ಕತ್ತದಲ್ಲಿ 1999ರಲ್ಲಿ ಲೈಂಗಿಕ ಕಾರ್ಮಿಕ ಮಹಿಳೆಯೊಬ್ಬರು ಕೊಲೆಯಾದ ಪ್ರಕರಣ ಬುದ್ಧದೇವ್ ಕರ್ಮಸ್ಕರ್ ವಿರುದ್ಧ ಪಶ್ಚಿಮ ಬಂಗಾಳ ರಾಜ್ಯ. 2011ರಲ್ಲಿ ಆ ಮೇಲ್ಮನವಿ ವಜಾ ಮಾಡಿದ ಕೋರ್ಟ್, ಅದನ್ನೇ ಸಾರ್ವಜನಿಕ ಹಿತಾಸಕ್ತಿ ಪ್ರಕರಣವಾಗಿ ಮುಂದುವರಿಸಿ ಒಂದು ಸಮಿತಿ ನೇಮಿಸಿತು. ಸಮಿತಿಯ ಶಿಫಾರಸುಗಳ ಮೇಲೆ 2022ರ ಮೇ 19ರಂದು ನ್ಯಾಯಮೂರ್ತಿಗಳಾದ ಎಲ್. ನಾಗೇಶ್ವರ ರಾವ್, ಬಿ.ಆರ್. ಗವಾಯಿ ಮತ್ತು ಎ.ಎಸ್. ಬೋಪಣ್ಣ ಅವರ ಪೀಠ ಆದೇಶ ನೀಡಿತು. ಅತ್ಯಾಚಾರಕ್ಕೊಳಗಾದ ಲೈಂಗಿಕ ಕಾರ್ಮಿಕ ಮಹಿಳೆಗೆ ಬೇರೆ ಯಾವ ಹೆಣ್ಣಿಗೂ ಸಿಗುವ ತಕ್ಷಣದ ವೈದ್ಯಕೀಯ ನೆರವು ಸಿಗಬೇಕು, ರಕ್ಷಣಾ ಗೃಹಗಳ ಸಮೀಕ್ಷೆ ಮಾಡಿ ಇಚ್ಛೆಗೆ ವಿರುದ್ಧವಾಗಿ ಇರಿಸಿದ ವಯಸ್ಕರನ್ನು ಕಾಲಮಿತಿಯೊಳಗೆ ಬಿಡುಗಡೆ ಮಾಡಲು ಕ್ರಮ ಕೈಗೊಳ್ಳಬೇಕು, ಕಾಂಡೋಮನ್ನು ಅಪರಾಧದ ಸಾಕ್ಷ್ಯವಾಗಿ ಬಳಸಬಾರದು, ಮಾಧ್ಯಮಗಳು ಗುರುತು ಬಯಲು ಮಾಡಬಾರದು, ಪೊಲೀಸರಿಗೆ ತಿಳಿವಳಿಕೆ ಕೊಡಬೇಕು ಎಂಬವು ರಾಜ್ಯಗಳು ಪಾಲಿಸಲೇಬೇಕಾದ ನಿರ್ದೇಶನಗಳು.

ಇಲ್ಲೊಂದು ಗೊಂದಲವನ್ನು ಬಿಡಿಸಬೇಕು. ‘ದಾಳಿ ನಡೆದಾಗ ಲೈಂಗಿಕ ಕಾರ್ಮಿಕರನ್ನು ಬಂಧಿಸಬಾರದು’ ಎಂದು ಸುಪ್ರೀಂ ಕೋರ್ಟ್ ಆದೇಶಿಸಿದೆ ಎಂಬ ಸುದ್ದಿ ಎಲ್ಲೆಡೆ ಹರಡಿತು. ಅದು ಸಮಿತಿಯ ಶಿಫಾರಸಿನಲ್ಲಿತ್ತು. ಆದರೆ ಕೇಂದ್ರ ಸರ್ಕಾರ ಅದಕ್ಕೂ, ತಾಯಿಯಿಂದ ಮಗುವನ್ನು ಬೇರ್ಪಡಿಸಬಾರದು ಎಂಬುದೂ ಸೇರಿದಂತೆ ಇನ್ನು ಕೆಲವಕ್ಕೂ ತಕರಾರು ಎತ್ತಿದ್ದರಿಂದ, ಅವು ಕಡ್ಡಾಯ ಪಾಲನೆಯ ಪಟ್ಟಿಗೆ ಸೇರಲಿಲ್ಲ. ಹೀಗಾಗಿ ಅತಿ ಮುಖ್ಯವಾದ ರಕ್ಷಣೆಯೇ ನಡುನೀರಿನಲ್ಲಿದೆ. ಕೇಂದ್ರ ಒಪ್ಪದಿದ್ದರೇನು, ಯಾವುದೇ ರಾಜ್ಯ ತನ್ನ ಪೊಲೀಸರಿಗೆ ಆ ಸೂಚನೆ ಕೊಡುವುದನ್ನು ಕೋರ್ಟ್ ತಡೆದಿಲ್ಲ. ಕರ್ನಾಟಕ ಅದನ್ನು ಕೊಡಬಹುದು.

ಇನ್ನು ಆ ಎರಡು ಬಣಗಳ ಜಗಳ. ಕೊಳ್ಳುವವನನ್ನು ಶಿಕ್ಷಿಸಿ, ಮಾರುವವಳನ್ನು ಬಿಡಿ ಎಂಬ ಕಾನೂನನ್ನು ಮೊದಲು ತಂದದ್ದು ಸ್ವೀಡನ್, 1999ರಲ್ಲಿ. ನಾರ್ವೆ, ಐಸ್‌ಲ್ಯಾಂಡ್, ಕೆನಡಾ, 2016ರಲ್ಲಿ ಫ್ರಾನ್ಸ್, 2017ರಲ್ಲಿ ಐರ್ಲೆಂಡ್ ಅದೇ ದಾರಿ ಹಿಡಿದವು. ಬೀದಿಯಲ್ಲಿ ಕಾಣುವ ವೇಶ್ಯಾವೃತ್ತಿ ಅರ್ಧಕ್ಕಿಳಿಯಿತು ಎಂದು ಸ್ವೀಡನ್ ಸರ್ಕಾರದ 2010ರ ಪರಿಶೀಲನೆ ಹೇಳಿತು. ಈ ವಾದ ಮಾಡುವವರ ಕಳಕಳಿಯನ್ನು ನಾವು ಗೌರವಿಸುತ್ತೇವೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ರಾಯಚೂರು ಕಡೆಯ ದಲಿತ ಕುಟುಂಬಗಳ ಹೆಣ್ಣುಮಕ್ಕಳು ಪುಣೆ, ಸಾಂಗ್ಲಿ, ಮುಂಬೈ ತಲುಪಿದ್ದನ್ನು ‘ಆಯ್ಕೆ’ ಎಂದು ಕರೆದು ಸುಮ್ಮನಾಗಲು ನಮ್ಮಿಂದಲೂ ಆಗುವುದಿಲ್ಲ. ಆದರೆ ಆಯ್ಕೆ ಕಡಿಮೆ ಇರುವವಳ ಕೈಯಿಂದ ಇರುವ ಒಂದೆರಡನ್ನೂ ಕಸಿದುಕೊಂಡರೆ ಅವಳ ಸ್ಥಿತಿ ಸುಧಾರಿಸದು.

ಕೆಲಸ ನಡೆಯುವ ಬಗೆ ತಿಳಿದವರಿಗೆ ಇದು ಅರ್ಥವಾಗುತ್ತದೆ. ರಸ್ತೆಯಲ್ಲಿ ಗಿರಾಕಿ ಮಾತಾಡಿಸಿದಾಗ ಅವಳು ನೋಡಬೇಕಾದದ್ದು ಬಹಳ ಇದೆ. ಕುಡಿದಿದ್ದಾನೆಯೇ, ಗಾಡಿಯ ಹಿಂದಿನ ಸೀಟಿನಲ್ಲಿ ಇನ್ನೊಬ್ಬ ಅಡಗಿದ್ದಾನೆಯೇ, ಎಲ್ಲಿಗೆ ಕರೆಯುತ್ತಿದ್ದಾನೆ, ಕಾಂಡೋಮಿಗೆ ಒಪ್ಪುತ್ತಾನೆಯೇ, ದುಡ್ಡು ಮೊದಲೇ ಕೊಡುತ್ತಾನೆಯೇ. ಜೊತೆಗಾರ್ತಿಗೆ ಗಾಡಿ ನಂಬರ್ ಹೇಳಿ ಹೋಗಬೇಕು. ಇದಕ್ಕೆಲ್ಲ ಬೆಳಕಿರುವ ಜಾಗ, ಕೆಲವು ನಿಮಿಷ ಬೇಕು. ಗಿರಾಕಿಗೆ ಪೊಲೀಸರ ಭಯವಿದ್ದರೆ ‘ಮೊದಲು ಗಾಡಿ ಹತ್ತು, ಆಮೇಲೆ ಮಾತು’ ಎನ್ನುತ್ತಾನೆ, ಕತ್ತಲ ಜಾಗಕ್ಕೆ ಕರೆಯುತ್ತಾನೆ, ತನ್ನ ನಿಜವಾದ ನಂಬರ್ ಕೊಡುವುದಿಲ್ಲ. ಭಯಪಟ್ಟು ದೂರವಾಗುವವರು ಒಳ್ಳೆಯ ಗಿರಾಕಿಗಳೇ, ಉಳಿಯುವವರು ಕಾನೂನಿಗೆ ಹೆದರದವರು. ಫ್ರಾನ್ಸ್‌ನಲ್ಲಿ ಕಾನೂನು ಬಂದ ಎರಡು ವರ್ಷಕ್ಕೆ ವೈದ್ಯಕೀಯ ನೆರವಿನ ಸಂಸ್ಥೆಯೊಂದರ ಸಮೀಕ್ಷೆಯಲ್ಲಿ 63 ಶೇಕಡಾ ಮಂದಿ ತಮ್ಮ ಬದುಕು ಹದಗೆಟ್ಟಿತು ಎಂದರು, 42 ಶೇಕಡಾ ಮಂದಿ ಹಿಂಸೆ ಹೆಚ್ಚಿತು ಎಂದರು. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2024ರ ಜುಲೈನಲ್ಲಿ ಆ ಫ್ರೆಂಚ್ ಕಾನೂನು ಖಾಸಗಿ ಬದುಕಿನ ಹಕ್ಕನ್ನು ಮೀರಿಲ್ಲ ಎಂದು ತೀರ್ಪಿತ್ತಿರುವುದನ್ನೂ ಹೇಳಬೇಕು. ಹಕ್ಕು ಮೀರಿಲ್ಲ ಎಂಬುದು, ಕಾನೂನು ಒಳ್ಳೆಯದು ಮಾಡಿದೆ ಎಂಬುದಕ್ಕೆ ಪುರಾವೆಯಲ್ಲ. ನಾರ್ವೆಯಲ್ಲಿ ಓಸ್ಲೊ ಪೊಲೀಸರು ಮನೆ ಮಾಲೀಕರ ಮೇಲೆ ಒತ್ತಡ ಹಾಕಿ ಹೆಂಗಸರನ್ನು ಮನೆ ಬಿಡಿಸಿದ ಕಾರ್ಯಾಚರಣೆಗೂ ನಮ್ಮ 18ನೇ ಕಲಮಿಗೂ ವ್ಯತ್ಯಾಸ ಹೆಚ್ಚಿಲ್ಲ.

ಹಾಗೆಂದು ನಾವು ಲೈಸೆನ್ಸ್ ಕೇಳುತ್ತಿದ್ದೇವೆ ಎಂದು ದಯವಿಟ್ಟು ತಿಳಿಯಬೇಡಿ. ಜರ್ಮನಿ 2017ರಲ್ಲಿ ಕಡ್ಡಾಯ ನೋಂದಣಿ ತಂದಿತು, ಹೆಸರು ಬಯಲಾಗುವ ಭಯಕ್ಕೆ ಅನೇಕರು ನೋಂದಾಯಿಸಿಕೊಳ್ಳಲೇ ಇಲ್ಲ, ಅವರೆಲ್ಲ ಮತ್ತೆ ಕಾನೂನಿನ ಹೊರಗೆ. ಕಡ್ಡಾಯ ರಕ್ತಪರೀಕ್ಷೆಯಂತೂ ಸುಳ್ಳು ಭರವಸೆ. ಎಚ್‌ಐವಿ ಸೋಂಕು ತಗುಲಿದ ಮೊದಲ ಕೆಲವು ವಾರ ಪರೀಕ್ಷೆಯಲ್ಲಿ ಕಾಣುವುದೇ ಇಲ್ಲ, ಆದರೆ ಸರ್ಟಿಫಿಕೇಟ್ ನೋಡಿದ ಗಿರಾಕಿ ಕಾಂಡೋಮ್ ಬೇಡ ಎನ್ನುತ್ತಾನೆ. ಅವನಿಗೆ ಯಾರೂ ಪರೀಕ್ಷೆ ಮಾಡಿಸುವುದಿಲ್ಲ.

ನಾವು ನೋಡಿ ಕಲಿಯಬೇಕೆನ್ನುವುದು ನ್ಯೂಜಿಲೆಂಡಿನಿಂದ. 2003ರಲ್ಲಿ ಅಲ್ಲಿನ ಸಂಸತ್ತು 60–59 ಮತಗಳಿಂದ ಒಪ್ಪಿದ ಕಾನೂನಿನ ಪ್ರಕಾರ ನಾಲ್ವರವರೆಗೆ ಸಮಾನವಾಗಿ ಸೇರಿ ಒಂದೆಡೆ ದುಡಿಯಲು ಯಾವ ಪರವಾನಗಿಯೂ ಬೇಡ. ಯಾವುದೇ ಕ್ಷಣದಲ್ಲಿ ಗಿರಾಕಿಗೆ ಇಲ್ಲ ಎನ್ನುವ ಹಕ್ಕು ಕಾನೂನಿನಲ್ಲೇ ಬರೆದಿದೆ. 18 ತುಂಬದವರನ್ನು ಬಳಸಿಕೊಳ್ಳುವವರಿಗೆ ಶಿಕ್ಷೆ ಇದ್ದೇ ಇದೆ. ಐದು ವರ್ಷದ ನಂತರ, 2008ರಲ್ಲಿ, ಶಾಸನಬದ್ಧ ಸಮಿತಿ ಪರಿಶೀಲಿಸಿದಾಗ ವೃತ್ತಿಯಲ್ಲಿರುವವರ ಸಂಖ್ಯೆ ಏರಿರಲಿಲ್ಲ. 2014ರಲ್ಲಿ ಅಲ್ಲಿನ ಮಾನವ ಹಕ್ಕು ನ್ಯಾಯಮಂಡಳಿ, ವೇಶ್ಯಾಗೃಹದ ಮಾಲೀಕನಿಂದ ಲೈಂಗಿಕ ಕಿರುಕುಳಕ್ಕೊಳಗಾದ ಮಹಿಳೆಗೆ 25,000 ನ್ಯೂಜಿಲೆಂಡ್ ಡಾಲರ್ ಪರಿಹಾರ ಕೊಡಿಸಿತು. ನಮ್ಮಲ್ಲಿ ಅದೇ ಮಹಿಳೆ ದೂರು ಕೊಡಲು ಠಾಣೆಗೆ ಹೋದರೆ ಮೊದಲ ಪ್ರಶ್ನೆ ‘ನೀನು ಅಲ್ಲೇನು ಮಾಡುತ್ತಿದ್ದೆ’ ಎಂಬುದು. ಆ ಕಾನೂನಿನಲ್ಲೂ ಕುಂದಿದೆ: ತಾತ್ಕಾಲಿಕ ವೀಸಾದ ಮೇಲೆ ಬಂದ ವಲಸಿಗರನ್ನು ಅದು ಹೊರಗಿಟ್ಟಿದೆ, ಶೋಷಣೆ ಈಗ ಅವರ ಸುತ್ತ ನಡೆಯುತ್ತದೆ. ಬೆಲ್ಜಿಯಂ 2022ರಲ್ಲಿ ಅಪರಾಧದ ಪಟ್ಟಿಯಿಂದ ತೆಗೆದು, 2024ರ ಡಿಸೆಂಬರ್‌ನಿಂದ ಕೆಲಸದ ಕರಾರು, ಹೆರಿಗೆ ರಜೆಯನ್ನೂ ಕೊಟ್ಟಿದೆ. ಅಪರಾಧದ ಭಯ ಹೋದರೆ ಹತ್ತು ವರ್ಷದಲ್ಲಿ ಲೈಂಗಿಕ ಕಾರ್ಮಿಕರು ಮತ್ತು ಗಿರಾಕಿಗಳಲ್ಲಿ ಹೊಸ ಎಚ್‌ಐವಿ ಸೋಂಕಿನ 33ರಿಂದ 46 ಶೇಕಡಾವನ್ನು ತಡೆಯಬಹುದು ಎಂಬ ಅಂದಾಜು 2014ರಲ್ಲಿ ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಪೊಲೀಸರು ಕೈಬಿಟ್ಟರೆ ಅಪ್ರಾಪ್ತ ಹುಡುಗಿಯರ ಗತಿಯೇನು ಎಂದು ತಾವು ಕೇಳುತ್ತೀರಿ. ಕೇಳಲೇಬೇಕು. ಮಕ್ಕಳಿಗೆ ಪೋಕ್ಸೊ ಇದೆ, ಮಾನವ ಸಾಗಣೆಗೆ ನ್ಯಾಯ ಸಂಹಿತೆಯ 143, 144 ಇವೆ, ಇವುಗಳಲ್ಲಿ ಒಂದನ್ನೂ ಸಡಿಲಿಸಿ ಎಂದು ನಾವು ಹೇಳುವುದಿಲ್ಲ. ಆದರೆ ಹತ್ತು ವಯಸ್ಕರನ್ನೂ ಒಬ್ಬ ಬಾಲಕಿಯನ್ನೂ ಒಂದೇ ವ್ಯಾನಿಗೆ ತುಂಬಿ ಒಂದೇ ಬೆಂಚಿನಲ್ಲಿ ಕೂರಿಸುವ ದಾಳಿಯಿಂದ ಆ ಬಾಲಕಿಗೆ ನ್ಯಾಯ ಸಿಗದು. ಅವಳನ್ನು ತಂದವನ ಹೆಸರು ಹೇಳಬಲ್ಲ ಸಾಕ್ಷಿಗಳು ಆ ಹತ್ತು ಹೆಂಗಸರೇ, ಅವರನ್ನು ಆರೋಪಿ ಮಾಡಿದ ಕ್ಷಣದಲ್ಲಿ ಅವರ ಬಾಯಿ ಮುಚ್ಚಿತು. ವಯಸ್ಸು ತೀರ್ಮಾನಿಸಲು ಬಾಲನ್ಯಾಯ ಕಾಯ್ದೆಯ 94ನೇ ಕಲಂ ಕ್ರಮ ಹೇಳಿದೆ: ಮೊದಲು ಶಾಲೆಯ ದಾಖಲೆ, ಅದಿಲ್ಲದಿದ್ದರೆ ಜನನ ಪ್ರಮಾಣಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಮೂಳೆ ಪರೀಕ್ಷೆಯಲ್ಲಿ ಎರಡು ವರ್ಷ ಆಚೀಚೆ ಆಗುತ್ತದೆ, ಅದನ್ನೇ ಮೊದಲು ಮಾಡಿದರೆ ಹತ್ತೊಂಬತ್ತರವಳು ಬಾಲಕಿಯಾಗುತ್ತಾಳೆ, ಹದಿನೇಳರವಳು ವಯಸ್ಕಳಾಗುತ್ತಾಳೆ. ಕೋಲ್ಕತ್ತದ ಕೆಂಪುದೀಪ ಪ್ರದೇಶ ಸೋನಾಗಾಚಿಯಲ್ಲಿ ಲೈಂಗಿಕ ಕಾರ್ಮಿಕರ ದುರ್ಬಾರ್ ಸಂಘಟನೆ 1997ರಿಂದ ಸ್ವನಿಯಂತ್ರಣ ಮಂಡಳಿ ನಡೆಸುತ್ತಿದೆ. ಹೊಸದಾಗಿ ಬಂದವರನ್ನು ಮಾತಾಡಿಸಿ, ಅಪ್ರಾಪ್ತರನ್ನೂ ಬಲವಂತಕ್ಕೆ ಬಂದವರನ್ನೂ ಗುರುತಿಸಿ ಹೊರತರುವ ಕೆಲಸವನ್ನು ಅಲ್ಲಿನ ಹೆಂಗಸರೇ ಮಾಡುತ್ತಾರೆ. ಮಾಹಿತಿ ಇರುವುದು ಅವರ ಬಳಿ, ಭಯವಿಲ್ಲದಿದ್ದರೆ ಅದು ತಮ್ಮ ಇಲಾಖೆಗೂ ಬರುತ್ತದೆ.

ಆದ್ದರಿಂದ ನಮ್ಮ ಬೇಡಿಕೆಗಳು. ರಾಜ್ಯದ ಪೊಲೀಸ್ ಮಹಾನಿರ್ದೇಶಕರಿಂದ ಒಂದು ಸುತ್ತೋಲೆ ಹೊರಡಲಿ. ದಾಳಿಯಲ್ಲಿ ಸಿಕ್ಕ ವಯಸ್ಕ ಹೆಣ್ಣನ್ನು, ಆಕೆ ಇತರರನ್ನು ನಿಯಂತ್ರಿಸಿ ಲಾಭ ಪಡೆಯುತ್ತಿದ್ದಳು ಎಂಬುದಕ್ಕೆ ಪ್ರತ್ಯೇಕ ಸಾಕ್ಷ್ಯವಿಲ್ಲದೆ, 3, 4, 5ನೇ ಕಲಮುಗಳಲ್ಲಿ ಆರೋಪಿ ಮಾಡಬಾರದು. 8ನೇ ಕಲಮಿನಡಿ ತಾವಾಗಿ ಕೇಸು ದಾಖಲಿಸಬಾರದು, ಅದರ ಬದಲು ಕರ್ನಾಟಕ ಪೊಲೀಸ್ ಕಾಯ್ದೆಯ 92ನೇ ಕಲಂ (ಬೀದಿ ಉಪದ್ರವ) ಅಥವಾ ನ್ಯಾಯ ಸಂಹಿತೆಯ 296ನೇ ಕಲಮಿನ (ಅಶ್ಲೀಲ ವರ್ತನೆ) ಪೆಟ್ಟಿ ಕೇಸು ಹಾಕುವುದೂ ನಿಲ್ಲಬೇಕು, ಇಲ್ಲವಾದರೆ ಒಂದು ಬಾಗಿಲು ಮುಚ್ಚಿ ಇನ್ನೊಂದನ್ನು ತೆರೆದಂತೆ. ಮಹಜರಿನಲ್ಲಿ ಕಾಂಡೋಮ್ ಬರೆಯಬಾರದು. ಹಣ ಮತ್ತು ಫೋನಿಗೆ ಸ್ಥಳದಲ್ಲೇ ರಸೀದಿ ಕೊಡಬೇಕು. 8ನೇ ಕಲಂ ಒಂದರಲ್ಲೇ ಬಾಕಿ ಇರುವ ಕೇಸುಗಳನ್ನು ನಾಗರಿಕ ಸುರಕ್ಷಾ ಸಂಹಿತೆಯ 360ನೇ ಕಲಮಿನಡಿ ಹಿಂಪಡೆಯಲು ಅಭಿಯೋಜಕರಿಗೆ ಸೂಚಿಸಬಹುದು, ಕೋರ್ಟಿನ ಒಪ್ಪಿಗೆ ಬೇಕಾಗುತ್ತದೆ, ಕೇಳುವುದಕ್ಕೆ ಅಡ್ಡಿಯಿಲ್ಲ.

ಐಟಿಪಿ ಕಾಯ್ದೆಯೊಳಗೇ ಎರಡು ಕಿಂಡಿಗಳಿವೆ, ಯಾರೂ ಬಳಸುತ್ತಿಲ್ಲವೆನ್ನುವಷ್ಟು ಮರೆತುಹೋಗಿವೆ. ವಿಶೇಷ ಪೊಲೀಸ್ ಅಧಿಕಾರಿಗೆ ಸಲಹೆ ಕೊಡಲು ಐವರವರೆಗಿನ ಸಮಾಜ ಕಾರ್ಯಕರ್ತರ ಮಂಡಳಿ ನೇಮಿಸಲು 13(3)ನೇ ಕಲಂ ರಾಜ್ಯಕ್ಕೆ ಅಧಿಕಾರ ಕೊಟ್ಟಿದೆ. ಮ್ಯಾಜಿಸ್ಟ್ರೇಟರಿಗೆ ನೆರವಾಗಲು ಐವರ ಸಮಿತಿ, ಸಾಧ್ಯವಾದಷ್ಟೂ ಮೂವರು ಮಹಿಳೆಯರು, 17(5)ರಲ್ಲಿದೆ. ಬೆಂಗಳೂರು, ಮೈಸೂರು, ಬೆಳಗಾವಿಯಂಥ ಕಡೆ ಲೈಂಗಿಕ ಕಾರ್ಮಿಕರ ಸಂಘಟನೆಗಳೇ ಇವೆ, ಅವರ ಪ್ರತಿನಿಧಿಗಳನ್ನು ಈ ಮಂಡಳಿಗಳಿಗೆ ಸೇರಿಸಿ. ಡಾ. ಜಯಮಾಲಾ ಅಧ್ಯಕ್ಷತೆಯ ಸಮಿತಿ 2017ರಲ್ಲಿ ಈ ಮಹಿಳೆಯರ ಸ್ಥಿತಿಗತಿಯ ಬಗ್ಗೆ ಸರ್ಕಾರಕ್ಕೆ ವರದಿ ಕೊಟ್ಟಿದೆ, ಮತ್ತೊಂದು ಅಧ್ಯಯನದ ಅಗತ್ಯವಿಲ್ಲ. ಪುನರ್ವಸತಿ ಬೇಕೆನ್ನುವವರಿಗೆ ಅದು ಬಾಗಿಲು ತೆರೆದ ಕಡೆ ಸಿಗಲಿ, ಬೀಗ ಹಾಕಿದ ಕಡೆಯಲ್ಲ. ಗುರುತು ಬಯಲಾಗದಂತೆ ಸೌಲಭ್ಯ ಕೊಡುವುದು ಅಸಾಧ್ಯವೂ ಅಲ್ಲ: ರಾಜ್ಯ ಏಡ್ಸ್ ನಿಯಂತ್ರಣ ಸಂಸ್ಥೆಯ ಯೋಜನಾ ನಿರ್ದೇಶಕರ ಪ್ರಮಾಣಪತ್ರದ ಮೇಲೆ, ವೃತ್ತಿಯ ಸುಳಿವೇ ಇಲ್ಲದ ಆಧಾರ್ ಕೊಡುವ ವ್ಯವಸ್ಥೆಯನ್ನು ಸುಪ್ರೀಂ ಕೋರ್ಟ್ 2022ರಲ್ಲೇ ಮಾಡಿಸಿದೆ. ಪಡಿತರ ಚೀಟಿಗೂ, ಮಹಿಳಾ ಅಭಿವೃದ್ಧಿ ನಿಗಮ ಈ ಮಹಿಳೆಯರಿಗೆ ನೆರವು ಕೊಡುವ ‘ಚೇತನ’ ಯೋಜನೆಗೂ ಅದೇ ಕ್ರಮ ಸಾಕು.

ಕೇಂದ್ರಕ್ಕೆ ಬರೆಯುವ ಪತ್ರವೂ ಇರಲಿ: 8, 10ಎ, 20ನೇ ಕಲಮುಗಳ ರದ್ದತಿ, ವೇಶ್ಯಾಗೃಹದ ವ್ಯಾಖ್ಯೆಯಿಂದ ‘ಪರಸ್ಪರ ಲಾಭ’ಕ್ಕೆ ಸೇರಿ ಬದುಕುವವರನ್ನು ಬಿಡುವುದು, 4ನೇ ಕಲಮನ್ನು ಬಲವಂತದಿಂದ ಕಿತ್ತು ತಿನ್ನುವವರಿಗಷ್ಟೇ ಸೀಮಿತಗೊಳಿಸುವುದು, 17ನೇ ಕಲಮಿನಲ್ಲಿ ವಯಸ್ಕಳ ಲಿಖಿತ ಒಪ್ಪಿಗೆ ಇಲ್ಲದೆ ಗೃಹವಾಸ ಇಲ್ಲ ಎಂಬ ಒಂದು ಸಾಲು.

ಇಷ್ಟರಲ್ಲಿ ಯಾವುದಕ್ಕೆ ಎಷ್ಟು ಕಾಲ ಬೇಕೋ ಬೇಕಾಗಲಿ. ತಮ್ಮ ಉತ್ತರದಲ್ಲಿ ನಮಗೆ ಮೊದಲು ಬೇಕಿರುವುದು ಒಂದು ಪಟ್ಟಿ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಜೊತೆ ಸೇರಿ ಅದನ್ನು ಮಾಡಿಸಿ: ರಾಜ್ಯದ ಪ್ರತಿ ರಕ್ಷಣಾ ಗೃಹದಲ್ಲಿ 17ನೇ ಕಲಮಿನಡಿ ಇರುವ ವಯಸ್ಕ ಮಹಿಳೆಯರು ಎಷ್ಟು, ಪ್ರತಿಯೊಬ್ಬರ ಆದೇಶದ ದಿನಾಂಕ ಯಾವುದು, ಎಷ್ಟು ಅವಧಿಗೆ, ಹೊರಹೋಗಲು ಕೇಳಿದ್ದಾರೆಯೇ, ಕಾನೂನು ಸೇವೆಗಳ ಪ್ರಾಧಿಕಾರದ ವಕೀಲರು ಅವರನ್ನು ಭೇಟಿಯಾಗಿದ್ದಾರೆಯೇ, ಅವರ ಮಕ್ಕಳು ಈಗ ಎಲ್ಲಿದ್ದಾರೆ. ಹೆಸರುಗಳು ಬೇಡ, ಸಂಖ್ಯೆ ಮತ್ತು ದಿನಾಂಕ ಸಾಕು. ಮುಂದಿನ ಅಧಿವೇಶನದಲ್ಲಿ ಆ ಪಟ್ಟಿಯನ್ನು ಸದನದ ಮುಂದಿಡಿ.

ಇಂತಿ,
ಲೈಂಗಿಕ ಕಾರ್ಮಿಕ ಮಹಿಳೆಯರ ಕಾನೂನು ಮತ್ತು ಆರೋಗ್ಯದ ನೆರವಿನಲ್ಲಿ ತೊಡಗಿರುವವರು